ಮೈ ತೊಳೆಯಲು ಬಿಡದ ಸೊಸೆ

ಲಕ್ಷ್ಮೇಶ್ವರದ ಮುಸ್ತಾಕ ಕುರಿ ವ್ಯಾಪಾರಿ. ಸುತ್ತಲ ಹಳ್ಳಿಗಳಲ್ಲಿ ಕುರಿ ಕೊಂಡು, ಹಿತ್ತಲಿನಲ್ಲಿ ಕೆಲ ದಿನ ಸಾಕಿ, ಬಕ್ರೀದ್ ಹತ್ತಿರವಾದಾಗ ಸಂತೆಗೆ ಒಯ್ಯುತ್ತಿದ್ದ. ಆ ವರ್ಷ ಶಿಗ್ಲಿಯಿಂದ ತಂದ ಕುರಿಗಳ ಕಿವಿಯಲ್ಲಿ, ತೊಡೆಸಂದಿಯಲ್ಲಿ ರಕ್ತ ಹೀರಿ ಉಬ್ಬಿದ ಉಣ್ಣಿಗಳಿದ್ದವು. ಒಂದೊಂದನ್ನೇ ಕಿತ್ತು ಉಗುರಿನಿಂದ ಹೊಸಕಿ ಹಾಕಿದ. ಎಲ್ಲರೂ ಹಾಗೆಯೇ ಮಾಡುತ್ತಿದ್ದರು.

ವಾರ ಕಳೆಯುವುದರೊಳಗೆ ಜ್ವರ ಬಂತು. ತಲೆ ಸಿಡಿಯುತ್ತದೆ, ಸೊಂಟ ಮುರಿದಂತಾಗಿದೆ ಎಂದು ಮಲಗಿದವನು ಏಳಲಿಲ್ಲ. ಓಣಿಯ ಡಾಕ್ಟರು ಇಂಜೆಕ್ಷನ್ ಕೊಟ್ಟರೂ ಜ್ವರ ಇಳಿದಂತೆ ಮಾಡಿ ಮತ್ತೆ ಏರಿತು. ಒಂದು ಬೆಳಿಗ್ಗೆ ವಸಡಿನಿಂದ ರಕ್ತ ಒಸರತೊಡಗಿತು. ತಾಯಿ ಹಸೀನಾಬಿ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಬಾಯಿ ಒರೆಸಿದಳು. ಒರೆಸಿದಷ್ಟೂ ಬಂತು. ಹೆಂಡತಿ ತಸ್ಲೀಮ ಓಡಿಹೋಗಿ ಟಂಟಂ ಆಟೋ ಕರೆತಂದಳು.

ಗದಗಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮುಸ್ತಾಕನ ತೋಳಿನ ಮೇಲಿನ ನೀಲಿ ಕಲೆಗಳನ್ನು ನೋಡಿ ಕೇಳಿದಳು: "ಮನಿಯಾಗ ದನಾ, ಕುರಿ ಅದಾವೇನ್ರಿ?"

"ಕುರಿ ವ್ಯಾಪಾರನ ಮಾಡ್ತಾರ್ರಿ," ಎಂದಳು ತಸ್ಲೀಮ.

"ಉಣ್ಣಿ ಕಿತ್ತಿದ್ರೇನು?"

ತಸ್ಲೀಮ ಹೌದೆಂದು ತಲೆಯಾಡಿಸಿದಳು. ಡಾಕ್ಟರಮ್ಮ ಎಲ್ಲರನ್ನೂ ಹಿಂದೆ ಸರಿಸಿದಳು.

"ಇದು ಉಣ್ಣಿಯಿಂದ ಬರೋ ಜ್ವರ ಇದ್ದಂಗ ಕಾಣತೈತಿ. ರಕ್ತ ತಪಾಸಣಿಗೆ ಪುಣೆಕ್ಕ ಕಳಸ್ತೀವಿ. ಇವರ ರಕ್ತ, ವಾಂತಿ ಮುಟ್ಟಿದವ್ರಿಗೂ ಬರತೈತಿ. ಮನಿಯಾಗ ಯಾರಿಗಾರ ಮೈ ಬೆಚ್ಚಗಾದ್ರ ತಡಾ ಮಾಡಬ್ಯಾಡ್ರಿ."

ಮುಸ್ತಾಕನನ್ನು ಬೇರೆ ಕೋಣೆಯಲ್ಲಿಟ್ಟರು. ಕಿಟಕಿಯ ಗಾಜಿನಾಚೆ ಅವನು ಕಪ್ಪಗೆ ಕಾರಿಕೊಳ್ಳುವುದು ಕಾಣುತ್ತಿತ್ತು. ಒಳಗೆ ನುಗ್ಗಲು ಹೋದ ಹಸೀನಾಬಿಯನ್ನು ತಸ್ಲೀಮ ಸೊಂಟಕ್ಕೆ ಕೈ ಹಾಕಿ ಹಿಡಿದಳು. ಪುಣೆಯ ಉತ್ತರ ಬರುವ ಮೊದಲೇ ಅವನ ಜೀವ ಹೋಯಿತು.

ಹೆಣವನ್ನು ದಪ್ಪ ಚೀಲದಲ್ಲಿ ಮುಚ್ಚಿ ಕೊಟ್ಟರು. ಬಿಚ್ಚಬಾರದೆಂದು ಹೇಳಿದರು. ಮನೆಯ ಮುಂದೆ ಗಾಡಿ ನಿಂತಾಗ ಓಣಿಯವರು ಹೆಣ ತೊಳೆಯಲು ನೀರು ಕಾಸಿಟ್ಟಿದ್ದರು.

"ನನ್ನ ಮಗನ್ನ ಮೈ ತೊಳೀದಂಗ ಮಣ್ಣಿಗೆ ಕಳಸ್ತೀಯೇನ?" ಹಸೀನಾಬಿ ಸೊಸೆಯತ್ತ ತಿರುಗಿ ಚೀರಿದಳು. ಗಂಡಸರು ಚೀಲ ಬಿಚ್ಚಲು ಮುಂದೆ ಬಂದರು.

ತಸ್ಲೀಮ ಗಾಡಿಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. "ಬಿಚ್ಚಬ್ಯಾಡ್ರಿ. ನಿಮ್ಮ ಮನಿಯಾಗೂ ಹೆಂಡ್ರು ಮಕ್ಕಳು ಅದಾರ. ತೊಳದ ಕೈಲೆ ಅವರನ್ನ ಮುಟ್ಟತೀರಿ."

ಮಸೀದಿಯ ಹಿರಿಯ ಮಹಬೂಬಸಾಬ ಗಂಡಸರನ್ನು ತಡೆದು ಹೇಳಿದ: "ಜೀವಕ್ಕ ಧೋಕಾ ಇದ್ದಾಗ ನೀರು ಬ್ಯಾಡ. ಚೀಲದ ಮ್ಯಾಲೇ ತಯಮ್ಮುಮ್ ಮಾಡೂಣು. ಅಲ್ಲಾಹ ಮಾಫ್ ಮಾಡ್ತಾನ."

ಒಣಮಣ್ಣು ತಟ್ಟಿದ ಕೈಯನ್ನು ಚೀಲದ ಮೇಲೆ ಆಡಿಸಿ ಶಾಸ್ತ್ರ ಮುಗಿಸಿದರು. "ನೀ ನನ್ನ ಸೊಸಿ ಅಲ್ಲ," ಎಂದಳು ಹಸೀನಾಬಿ.

ದಫನ್ ಮುಗಿದ ಮೇಲೆ ಆ ಮನೆಯ ಮುಂದೆ ಜನ ಹಾಯುವುದು ನಿಂತಿತು. ಸರಕಾರದವರು ಬಂದು ಕುರಿಗಳಿಗೆ ಔಷಧ ಹೊಡೆದು ಹೋದರು. ಅತ್ತೆ ಊಟ ಮುಟ್ಟಲಿಲ್ಲ, ಸೊಸೆಯ ಕಡೆ ನೋಡಲೂ ಇಲ್ಲ. ಒಂದು ಮಧ್ಯಾಹ್ನ ಅವಳು ಬಿಸಿಲಲ್ಲೂ ಕೌದಿ ಹೊದ್ದು ನಡುಗುತ್ತಿದ್ದುದನ್ನು ತಸ್ಲೀಮ ಕಂಡಳು.

"ಅಮ್ಮಾ!"

"ಬರಬ್ಯಾಡ!" ಹಸೀನಾಬಿ ಗೋಡೆಗೆ ಒತ್ತಿಕೊಂಡಳು. "ಅವನ ಬಾಯಿ ಒರಸೇನಿ ನಾ. ನೀ ದೂರ ನಿಂದ್ರ, ಬೇಟಿ."

ತಸ್ಲೀಮ ಟಂಟಂ ನಿಲ್ದಾಣಕ್ಕೆ ಓಡಿದಳು. ಯಾರೂ ಗಾಡಿ ಹೊರಡಿಸಲಿಲ್ಲ. ಒಬ್ಬನ ಕಾಲು ಹಿಡಿಯಲು ಬಾಗಿದಾಗ ಅವನು ಹಿಂದಕ್ಕೆ ಜಿಗಿದ. ಅಳುತ್ತಲೇ ನೂರಾ ಎಂಟಕ್ಕೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. ಮನೆಗೆ ಮರಳಿ ಬಾಯಿಗೆ ಬಟ್ಟೆ ಕಟ್ಟಿ, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಗಾಡಿ ಬರುವವರೆಗೆ ಅತ್ತೆಗೆ ನೀರು ಕುಡಿಸಿದಳು.

"ಜಲ್ದಿ ಕರಕೊಂಡ್ ಬಂದೀರಿ, ಚಲೋ ಆತು," ಎಂದಳು ಡಾಕ್ಟರಮ್ಮ. "ಆದ್ರ ಏನೂ ಹೇಳಾಕ ಆಗೂದಿಲ್ಲ."

ಮುಸ್ತಾಕನದು ಅದೇ ಜ್ವರವೆಂದು ಪುಣೆಯಿಂದ ಖಬರ ಬಂತು. ತಸ್ಲೀಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಮತ್ತೆ ಮತ್ತೆ ತನ್ನ ಕುತ್ತಿಗೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಅವಳಿಗೆ ಜ್ವರ ಬರಲಿಲ್ಲ. ಹಸೀನಾಬಿಯೂ ಬದುಕಿದಳು.

ಮನೆಗೆ ಬಂದ ದಿನ ಸೊಸೆ ಕೊಟ್ಟ ಗಂಜಿಯ ಬಟ್ಟಲನ್ನು ಹಿಡಿದು ಮುದುಕಿ ಕೇಳಿದಳು: "ನನ್ನ ಉಳಿಸಿದಿ. ಅವನ್ನ ಒಂದ್ಸಲನೂ ತೊಳೀಲಿಲ್ಲಲ್ಲ, ಬೇಟಿ?"

"ಇಲ್ಲಮ್ಮಾ," ಎಂದಳು ತಸ್ಲೀಮ.