ಬಾಗಿಲ ಹೊರಗಿನ ಸ್ವಿಚ್ಚು

ಗೋಡೆಗೂ ಕಿವಿ ಇರುತ್ತದೆ ಎನ್ನುತ್ತೀರಲ್ಲ, ಆ ಕಿವಿ ನಾನೇ. ಸ್ವಿಚ್ಚುಗಳನ್ನು ಕೂರಿಸಲು ಗೋಡೆಯೊಳಗೆ ಹುಗಿಯುವ ತಗಡಿನ ಡಬ್ಬಿ. ಹುಬ್ಬಳ್ಳಿಯ ಒಂದು ಶೆಡ್ಡಿನಲ್ಲಿ ನನ್ನ ಜನನ. ತಗಡು ಕತ್ತರಿಸಿ, ಮಡಿಸಿ, ನಾಲ್ಕೂ ಕಡೆ ತೂತು ಹೊಡೆದು ರಾಶಿಗೆ ಎಸೆದರು. ಹುಟ್ಟಿದ ಕೂಡಲೇ ಮೈತುಂಬ ತೂತು ಬಿತ್ತು, ಇನ್ನು ಇದಕ್ಕಿಂತ ಕೆಟ್ಟದ್ದು ಏನಾದೀತು ಎಂದುಕೊಂಡಿದ್ದೆ. ಮನುಷ್ಯರ ಸಹವಾಸ ಆಗ ನನಗಿನ್ನೂ ಆಗಿರಲಿಲ್ಲ.

ಗದಗಿನ ಎಲೆಕ್ಟ್ರಿಷಿಯನ್ ದಾವಲಸಾಬರು ನನ್ನನ್ನು ಅಂಗಡಿಯಿಂದ ಕೊಂಡು, ಗೋಣಿಚೀಲಕ್ಕೆ ಹಾಕಿ ಊರಾಚೆಯ ಹೊಸ ಬಡಾವಣೆಗೆ ತಂದರು. ಅಲ್ಲೊಂದು ಮನೆ ಏಳುತ್ತಿತ್ತು. ಗೋಡೆ ನಿಂತು ಸ್ಲ್ಯಾಬ್ ಬಿದ್ದಿತ್ತು, ಸಿಮೆಂಟಿನ ಗಿಲಾವು ಇನ್ನೂ ಆಗಿರಲಿಲ್ಲ. ಅಂಥ ಹೊತ್ತಿಗೆ ಮನೆಯವರೆಲ್ಲ ಬಂದು ಖಾಲಿ ಗೋಡೆಗಳ ನಡುವೆ ತಿರುಗಾಡುತ್ತಾರೆ. ಇಲ್ಲಿ ಮಂಚ, ಅಲ್ಲಿ ಫ್ರಿಜ್ಜು, ಈ ಮೂಲೆಗೆ ಟೀವಿ ಎಂದು ಗಾಳಿಯಲ್ಲೇ ಸಂಸಾರ ಹೂಡುತ್ತಾರೆ. ಎಲೆಕ್ಟ್ರಿಷಿಯನ್ ಬೆನ್ನ ಹಿಂದೆಯೇ ನಡೆದು, ಎಲ್ಲೆಲ್ಲಿ ದೀಪ, ಎಲ್ಲೆಲ್ಲಿ ಪ್ಲಗ್ಗು ಎಂದು ಸೀಮೆಸುಣ್ಣದಿಂದ ಗುರುತು ಹಾಕುತ್ತಾನೆ.

ಆ ದಿನ ಮುಂದೆ ನಡೆದವಳು ಇಂದಕ್ಕ. ಇಂದುಮತಿ ಎಂದು ಹೆಸರು, ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು, ಮದುವೆಯಾಗಿರಲಿಲ್ಲ. ಮನೆ ಆಕೆಯ ಮತ್ತು ತಮ್ಮ ವಿರೂಪಾಕ್ಷನ ದುಡಿಮೆ ಸೇರಿ ಏಳುತ್ತಿತ್ತು. ವಿರೂಪಾಕ್ಷನಿಗೆ ಪೇಟೆಯಲ್ಲಿ ಪಾತ್ರೆ ಅಂಗಡಿ. ಅವನ ಹೆಂಡತಿ ಮಹಾದೇವಿ ಎಲ್ಲದಕ್ಕೂ ಹೂಂ ಎನ್ನುತ್ತ ಹಿಂದೆ ಬರುತ್ತಿದ್ದಳು.

ಇಂದಕ್ಕ ಯೋಚಿಸಿದ ಹಾಗೆ ಮನೆ ಯೋಚಿಸಿದವರನ್ನು ನಾನು ಆಮೇಲೆ ಕಂಡಿಲ್ಲ. ಮಹಾದೇವಿ ರೊಟ್ಟಿ ಬಡಿಯುವ ಕಡೆ ಅವಳ ನೆರಳೇ ಹಿಟ್ಟು ನಾದುವ ಕೊಣಮಿಗೆಗೆ ಬೀಳಬಾರದೆಂದು ದೀಪವನ್ನು ಒಲೆಯ ಮುಂದಿನ ಗೋಡೆಗೆ ಸರಿಸಿದಳು. ಮಿಕ್ಸರ್ ಪ್ಲಗ್ಗು ನೀರಿನ ನಲ್ಲಿಯಿಂದ ದೂರ ಹೋಯಿತು. ತಮ್ಮನ ಮಗಳು ಓದುವ ಮೇಜಿಗೆ ಎಡಗಡೆಯಿಂದ ಬೆಳಕು. ವಿರೂಪಾಕ್ಷ ದಾಡಿ ಮಾಡಿಕೊಳ್ಳುವ ಕನ್ನಡಿಯ ಮೇಲೂ ಒಂದು. ಎಲ್ಲರದೂ ಮುಗಿದ ಮೇಲೆ ಹಿಂದಿನ ಸಣ್ಣ ಖೋಲಿಗೆ ಹೋಗಿ ನಿಂತಳು. ಅದು ಆಕೆಯದೆಂದು ಮೊದಲೇ ಮಾತಾಗಿತ್ತು.

“ದಾವಲಸಾಬ್ರ, ಇಲ್ಲಿ ನಂದು ಮಂಚ ಬರತೈತಿ. ಬಾಗಲದ ಹಂತ್ಯಾಕ ಒಂದು ಸ್ವಿಚ್ಚು, ತಲಿದಿಂಬಿನ ಹಂತ್ಯಾಕ ಒಂದು. ಎದ್ದ ಹೋಗಿ ದೀಪ ಆರಸೋದು ಬ್ಯಾಡ ನನಗ.”

ಇದೇನು ದೊಡ್ಡ ಆಸೆ ಎಂದು ನಗಬೇಡಿ. ರಾತ್ರಿ ಪಾಳಿ ಮಾಡಿ ಬಂದು ಹಗಲು ಮಲಗುವ ಹೆಣ್ಣು ಆಕೆ. ಬಾಡಿಗೆ ಮನೆಗಳಲ್ಲಿ ಇಷ್ಟು ವರ್ಷವೂ ಪಡಸಾಲೆಯ ಒಂದು ಮೂಲೆಗೆ ಸೀರೆಯ ಪರದೆ ಇಳಿಬಿಟ್ಟುಕೊಂಡು ಮಲಗಿದವಳು. ಇನ್ನೊಬ್ಬರು ಹಾಕಿದಾಗ ಬೆಳಕು, ಇನ್ನೊಬ್ಬರು ಆರಿಸಿದಾಗ ಕತ್ತಲೆ. ತನ್ನ ಕೈಗೆ ಸಿಗುವ ಒಂದು ದೀಪ, ಮುಚ್ಚಿಕೊಳ್ಳಲು ಒಂದು ಬಾಗಿಲು, ಇಷ್ಟೇ ಆಕೆ ಕೇಳಿದ್ದು. ದಾವಲಸಾಬರು ತಲೆದಿಂಬಿನ ಜಾಗ ಕೊರೆದು ನನ್ನನ್ನು ಕೂರಿಸಿ ಸಿಮೆಂಟು ಮೆತ್ತಿದರು. ಇಂದಕ್ಕ ಬಂದು ಇಲ್ಲದ ಮಂಚದ ಪಕ್ಕ ಬಗ್ಗಿ ನಿಂತು, ಕೈ ಚಾಚಿ ನನ್ನನ್ನು ಮುಟ್ಟಿ ನೋಡಿದಳು. ನನಗೆ ಬಹಳ ಹಿಗ್ಗಾಯಿತು.

ಆಮೇಲೆ ಊರಿಗೆ ಡೆಂಗ್ಯೂ ಬಂತು. ಆಸ್ಪತ್ರೆಯಲ್ಲಿ ಕಾಲಿಡಲು ಜಾಗವಿಲ್ಲದಂತಾಗಿ ಇಂದಕ್ಕನಿಗೆ ಮನೆ ಕಡೆ ತಲೆ ಹಾಕಲೂ ಪುರಸೊತ್ತು ಸಿಗಲಿಲ್ಲ. ಒಂದು ಮುಂಜಾನೆ ವಿರೂಪಾಕ್ಷ ದಾವಲಸಾಬರನ್ನು ಖೋಲಿಗೆ ಕರೆತಂದ. ಅಂಗಡಿಯ ಮಾಲು ಇಡಲು ಜಾಗ ಸಾಲುತ್ತಿಲ್ಲ, ಇಲ್ಲಿ ಸುತ್ತಲೂ ಕಲ್ಲಿನ ಹಲಗೆ ಹಾಕಿಸುತ್ತೇನೆ, ಒಳಗೆ ಒಂದು ಬಲ್ಬು ಸಾಕು ಎಂದ. ಅಕ್ಕಾರದು ಮಂಚ ಬರುತ್ತದಲ್ಲ ಎಂದು ದಾವಲಸಾಬರು ಕೇಳಿಯೇ ಕೇಳಿದರು.

“ಆಕಿ ರಾತ್ರಿ ಆಸ್ಪತ್ರಿಯೊಳಗ ಇರತಾಳ್ರಿ. ಹಗಲ ಒಂದೀಟ ಮಲಗಾಕ ಹಾಲ್ ಸಾಕಾಗಂಗಿಲ್ಲೇನು?”

ಆಹಾ, ಏನು ಲೆಕ್ಕಾಚಾರ! ಆಕೆಯ ಕಷ್ಟವನ್ನೇ ಆಕೆಯ ಖೋಲಿ ಕಸಿಯಲು ನೆವ ಮಾಡಿಕೊಂಡ. ಬಾಯಲ್ಲಿ ಮಾತ್ರ ಅಕ್ಕ, ಅಕ್ಕ. ಬಾಗಿಲ ಒಳಗಿನ ಡಬ್ಬಿಯನ್ನು ತೆಗೆಸಿದ. ಆಮೇಲೆ ಉಳಿ ನನ್ನ ಮೈಮೇಲೆ ಬಿತ್ತು. ಕಿತ್ತರು, ಒಂದು ಮೂಲೆ ಸೊಟ್ಟಗಾಯಿತು, ಬಡಿದು ನೆಟ್ಟಗೆ ಮಾಡಿ ಬಾಗಿಲ ಹೊರಗೆ, ಹಾಲ್ ಕಡೆಯ ಗೋಡೆಯಲ್ಲಿ ಹುಗಿದರು. ನಿಮಗೂ ಗೊತ್ತಿರಬೇಕಲ್ಲ, ಮನುಷ್ಯರು ಇರುವ ಖೋಲಿಯ ಸ್ವಿಚ್ಚು ಬಾಗಿಲ ಒಳಗಿರುತ್ತದೆ. ಬಚ್ಚಲು ಮತ್ತು ಸಾಮಾನು ಕೋಣೆಯದು ಹೊರಗಿರುತ್ತದೆ. ಇದನ್ನು ಇಂದಕ್ಕನಿಗೆ ಯಾರೂ ಹೇಳಲಿಲ್ಲ. ನನಗೆ ಹೇಳುವ ಬಾಯಿಲ್ಲ. ಬಾಯಿದ್ದ ಮಹಾದೇವಿ ಅಲ್ಲಿಯೂ ಹೂಂ ಎಂದಳು.

ಗೃಹಪ್ರವೇಶ ಬಂತು. ಮನೆಯ ಮಗಳೇ ಮೊದಲು ಹೊಸ್ತಿಲು ದಾಟಬೇಕು, ಆಕೆಯೇ ಹಾಲು ಉಕ್ಕಿಸಬೇಕು ಎಂದು ವಿರೂಪಾಕ್ಷ ಬೀಗರೆದುರು ಗಟ್ಟಿಯಾಗಿ ಹೇಳಿದ. ಇನ್ನೂ ಬೆಳಕು ಹರಿದಿರಲಿಲ್ಲ. ಇಂದಕ್ಕ ತುಂಬಿದ ಕೊಡ ಹೊತ್ತು ಬಲಗಾಲಿಟ್ಟು ಬಂದಳು, ಹಾಲು ಉಕ್ಕಿಸಿದಳು, ಸೋದರತ್ತೆಯ ಮರ್ಯಾದೆಯೆಲ್ಲ ಆಯಿತು. ಕೊಡದ ನೀರಿನಿಂದ ತೊಯ್ದ ಸೀರೆ ಬದಲಿಸಲು ಹಿಂದಿನ ಖೋಲಿಗೆ ಬಂದಳು. ಬಾಗಿಲು ತೆರೆದು, ಕತ್ತಲಲ್ಲಿ ಎಡಗೋಡೆಗೆ ಕೈ ಹಾಕಿದಳು. ಏನೂ ಇಲ್ಲ. ನೆನಪು ತಪ್ಪಿತೇನೋ ಎಂದು ಬಲಗೋಡೆ ತಡವಿದಳು. ಅಲ್ಲಿಯೂ ಇಲ್ಲ. ಹೊಸ ಸುಣ್ಣದ ನುಣುಪು ಗೋಡೆಯ ಮೇಲೆ ಆಕೆಯ ಅಂಗೈ ಬಹಳ ಹೊತ್ತು ಓಡಾಡಿತು. ಕೊನೆಗೆ ಹೊರಗೆ ಬಂದಳು, ನಾನು ಕೈಗೆ ಸಿಕ್ಕೆ. ಒತ್ತಿದಳು. ಬಲ್ಬು ಹತ್ತಿತು. ಸುತ್ತಲೂ ಕಲ್ಲಿನ ಹಲಗೆ, ಹಲಗೆ ತುಂಬ ಅಂಗಡಿಯ ಪಾತ್ರೆ, ಡಬರಿ, ತಪ್ಪೇಲಿ, ಕೊಳಗ.

ಆಕೆಯ ಬೆರಳು ನನ್ನ ಮೇಲೇ ಇತ್ತು. ತಣ್ಣಗಾದದ್ದು ನನಗೆ ತಿಳಿಯಿತು.

ವಿರೂಪಾಕ್ಷ ಓಡಿ ಬಂದ. ವಾಸ್ತುವಿನವರು ಬಂದು ಹೇಳಿದರು, ಆ ದಿಕ್ಕಿಗೆ ಮಲಗಿದರೆ ನಿನ್ನ ಆರೋಗ್ಯಕ್ಕೆ ಆಗಿಬರುವುದಿಲ್ಲವಂತೆ ಎಂದ. ನಾನು ಗಿಲಾವಿಗೂ ಮುಂಚಿನಿಂದ ಈ ಮನೆಯ ಗೋಡೆಯಲ್ಲಿದ್ದೇನೆ, ಯಾವ ವಾಸ್ತುವಿನವನೂ ಬಂದದ್ದನ್ನು ಕಾಣೆ. ಇಂದಕ್ಕ ಅವನ ಮುಖವನ್ನೇ ನೋಡಿದಳು.

“ಹಂಗಾದ್ರ ನಂದು ಯಾವ ಖೋಲಿ, ತಮ್ಮಾ?”

“ಇದೇನ್ ಮಾತಕ್ಕ? ಇಡೀ ಮನಿನ ನಿಂದ ಐತಿ.”

ಇದಕ್ಕಿಂತ ಸವಿಯಾದ ಸುಳ್ಳನ್ನು ನಾನು ಕೇಳಿಲ್ಲ. ಇಡೀ ಮನೆ ಕೊಟ್ಟು ಒಂದು ಖೋಲಿ ಕೊಡದವನ ಜೊತೆ ಏನೆಂದು ಜಗಳ ತೆಗೆಯುವುದು? ಬೀಗರು ಹಾಲ್ ತುಂಬ ಕೂತಿದ್ದರು. ಇಂದಕ್ಕ ಮೈಮೇಲೇ ಒಣಗಿದ ಸೀರೆಯಲ್ಲಿ ಮಧ್ಯಾಹ್ನ ಎಲ್ಲರಿಗೂ ಹೋಳಿಗೆ ಬಡಿಸಿದಳು.

ಆಕೆಗೆಂದು ಹಾಲ್‌ನಲ್ಲಿ ಒಂದು ದಿವಾನ ಬಂತು. ಆಕೆ ಪಾಳಿ ಮುಗಿಸಿ ಬಂದು ಮಲಗಿದರೆ ಟೀವಿ, ಬಾಗಿಲ ಗಂಟೆ, ಮಹಾದೇವಿಯ ಸಂಘದ ಹೆಂಗಸರು. ಒಂದು ದಿನ ತಡೆಯಲಾರದೆ ಚಾಪೆ ತೆಗೆದುಕೊಂಡು ಪಾತ್ರೆಗಳ ನಡುವೆ ಹೋಗಿ, ಬಾಗಿಲು ಮುಚ್ಚಿ ಮಲಗಿದಳು. ಆ ಖೋಲಿಗೆ ಕಿಟಕಿಯ ಜಾಗದಲ್ಲೂ ಹಲಗೆ ಬಂದಿತ್ತು, ಅದಕ್ಕೆ ದೀಪ ಹಾಕಿಕೊಂಡೇ ಒಳಗೆ ಹೋಗಿದ್ದಳು. ಮಹಾದೇವಿ ಹಾದು ಹೋಗುವಾಗ ನನ್ನನ್ನು ನೋಡಿ, ಯಾರು ಲೈಟ್ ಬಿಟ್ಟು ಹೋದರೋ ಎಂದು ಗೊಣಗಿ ಟಪ್ಪನೆ ಆರಿಸಿದಳು. ಒಳಗಿನಿಂದ ಒಂದು ಕೂಗು ಬರುತ್ತದೆಂದು ನಾನು ಕಾದೆ. ಬರಲಿಲ್ಲ. ಸಂಜೆ ಆಕೆ ಬಾಗಿಲು ತೆರೆದು ಬಂದಾಗ ಕಣ್ಣು ಕೆಂಪಗಿದ್ದವು. ಆ ವಾರವೇ ಆಸ್ಪತ್ರೆಯ ವಸತಿಗೆ ಹೆಸರು ಕೊಟ್ಟಳು, ಖೋಲಿ ಸಿಕ್ಕ ಕೂಡಲೇ ಹೊರಟಳು. ಜನ ಏನೆಂದಾರು ಎಂದು ವಿರೂಪಾಕ್ಷ ಅತ್ತ. ಅಳುವೇನೋ ನಿಜವಾದದ್ದೇ. ಆದರೆ ಅವನು ಅತ್ತದ್ದು ಜನರಿಗೆ ಹೆದರಿ, ಆಕೆಗಾಗಿ ಅಲ್ಲ. ನನಗೆ ಅವನ ಮೇಲಿನ ಸಿಟ್ಟು ಇಂದಿಗೂ ಇಳಿದಿಲ್ಲ.

ಈಗ ನನಗೆ ವಯಸ್ಸಾಯಿತು. ಒಳಗೆ ತುಕ್ಕು ಹಿಡಿದಿದೆ, ಒಂದು ಸ್ಕ್ರೂ ಸಡಿಲಾಗಿದೆ. ಪಾತ್ರೆ ಬೇಕಾದಾಗ ಯಾರೋ ಒತ್ತುತ್ತಾರೆ. ಗೋಡೆಯೊಳಗಿರುವ ನಮಗೆ ಒಂದು ಮಾತು ತಿಳಿಯುತ್ತದೆ. ಮನೆಯಲ್ಲಿ ಯಾರಿಗೆ ಎಷ್ಟು ಜಾಗ ಎಂಬುದನ್ನು ಜನ ಬಾಯಲ್ಲಿ ಹೇಳುವುದಿಲ್ಲ, ಗೋಡೆಯಲ್ಲಿ ಕೊರೆಸಿ ಇಡುತ್ತಾರೆ.

ಮೊನ್ನೆ ದೀಪಾವಳಿಗೆ ಇಂದಕ್ಕ ಬಂದಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ಬಂದ ನೆಂಟರಿಗೆಲ್ಲ ವಿರೂಪಾಕ್ಷ, ಈ ಮನೆಯ ಒಂದೊಂದು ದೀಪವೂ ನಮ್ಮಕ್ಕ ನಿಂತು ಹಾಕಿಸಿದ್ದು ಎಂದು ಹೆಮ್ಮೆಯಿಂದ ತೋರಿಸುತ್ತಿದ್ದ. ಆಕೆ ಹೆಗಲ ಚೀಲ ಹಿಡಿದುಕೊಂಡು ಹಾಲ್ ನಡುವೆ ನಿಂತೇ ಇದ್ದಳು.

“ಚೀಲ ಎಲ್ಲಿ ಇಡ್ಲಿ, ಮಹಾದೇವಿ?”

ಮಹಾದೇವಿ ಸಡಗರದಿಂದ ಬಂದು ನನ್ನನ್ನು ಒತ್ತಿ, ಪಾತ್ರೆ ಖೋಲಿಯ ಬಾಗಿಲು ತೆರೆದು, “ಇಲ್ಲಿ ಇಡ್ರಿ ಅಕ್ಕಾರ” ಎಂದಳು.

ಇಂದಕ್ಕ ಒಳಗೆ ನೋಡಲಿಲ್ಲ. ಬ್ಯಾಡವಾ, ಲಗೂನ ಹೋಗಬೇಕು ಎಂದು ಎಲೆಯ ಮುಂದೆ ಕೂತಳು. ಊಟ ಮುಗಿಯುವವರೆಗೂ ಚೀಲ ಆಕೆಯ ತೊಡೆಯ ಮೇಲೇ ಇತ್ತು.