ಅಂಗೈಯ ಜಿಡ್ಡು

"ಒಳಗೆ ಕಾಲಿಟ್ರೆ ನೋಡು, ಚಿಕ್ಕಪ್ಪ ಅನ್ನೋದನ್ನೂ ಮರೀತೀನಿ," ಎಂದು ಅಣ್ಣನ ಮಗ ಬಾಗಿಲಿಗೆ ಕೈ ಅಡ್ಡ ಹಿಡಿದ.

"ಸತ್ತವನು ನನ್ನಣ್ಣ ಕಣೋ. ನಿನ್ನ ಅಪ್ಪಣೆ ಯಾರಿಗೆ ಬೇಕು?" ತಮ್ಮ ಆ ಕೈ ತಳ್ಳಿ ನುಗ್ಗಿದ.

ಹಾಲ್‌ನಲ್ಲಿ ಕೂತಿದ್ದ ಗ್ಯಾರೇಜಿನ ಹಳೆಯ ಕೆಲಸಗಾರರು ಮುಖ ಮುಖ ನೋಡಿಕೊಂಡರು. ಅವನು ಅಳಲು ಬಂದವನಲ್ಲ. ಇದೇ ಜನರೆದುರು ತನ್ನ ಮರ್ಯಾದೆ ಕಳೆದವನು ತಪ್ಪೊಪ್ಪದೆಯೇ ಸತ್ತುಬಿಟ್ಟನಲ್ಲ ಎಂಬ ಹೊಟ್ಟೆಯುರಿ ಅವನನ್ನು ಎಳೆದು ತಂದಿತ್ತು.

*

ಕಾರಿಗೆ ಬಣ್ಣ ಹೊಡೆಯುವುದರಲ್ಲಿ ಅಣ್ಣ ಎತ್ತಿದ ಕೈ. ಹಿಂದೊಂದು ವರ್ಷ ಮಾತ್ರ ಬಾಗಿಲುಗಳ ಮೇಲೆ ಬಣ್ಣ ಕೂರಲಿಲ್ಲ. ಹಸಿಯಿರುವಾಗಲೇ ಸರಿದು ಗುಂಡುಸೂಜಿ ತಲೆಯಷ್ಟು ಗುಳಿಗಳು ಬೀಳುತ್ತಿದ್ದವು. ಜಿಡ್ಡು ಸೋಕಿದರೆ ಹಾಗಾಗುತ್ತದೆ. ತಗಡು ಒರೆಸುವ ಕೆಲಸ ತಮ್ಮನದು. ಅವನು ಜಿಡ್ಡು ತೆಗೆಯುವ ಥಿನ್ನರ್ ಹಾಕಿ ಒರೆಸಿದ, ಬಟ್ಟೆ ಬದಲಿಸಿದ, ತಲೆಗೆ ಎಣ್ಣೆ ಹಚ್ಚುವುದನ್ನೂ ಬಿಟ್ಟ. ಅವನು ಒರೆಸಿದ ಮೇಲೆ ಅಣ್ಣ ಬರಿಗೈಯಲ್ಲಿ ಒಮ್ಮೆ ಸವರಿ, ಧೂಳಿಲ್ಲವೆಂದು ಖಾತ್ರಿಯಾದ ಮೇಲೆ ಸ್ಪ್ರೇ ಗನ್ ಎತ್ತುತ್ತಿದ್ದ. ಮತ್ತೆ ಅದೇ ಗುಳಿ.

"ಗಲೀಜು ನನ್ಮಗನೇ, ನಿನ್ನ ಕೈಯೇ ಸರಿಯಿಲ್ಲ. ತೊಲಗು!" ಎಂದು ಅಣ್ಣ ಕೆಲಸಗಾರರೆದುರೇ ತಮ್ಮನನ್ನು ಅಟ್ಟಿದ.

ಆಮೇಲೆ ಊರಿನ ಯಾವ ಗ್ಯಾರೇಜೂ ಅವನಿಗೆ ಬಣ್ಣದ ಕೆಲಸ ಕೊಡಲಿಲ್ಲ.

*

ಅತ್ತಿಗೆ ಹೆಣದ ಪಕ್ಕ ಕೂತು, ಅಣ್ಣನ ಒಡೆದ ಅಂಗೈಗೆ ಕ್ರೀಮ್ ತಿಕ್ಕುತ್ತಿದ್ದಳು.

"ಏನದು?" ತಮ್ಮ ಕೇಳಿದ.

"ಥಿನ್ನರಿಗೆ ಇವರ ಕೈ ಬಿರೀತಿತ್ತಲ್ಲಪ್ಪ. ನೀನು ಗ್ಯಾರೇಜಲ್ಲಿದ್ದ ಕೊನೇ ವರ್ಷ ದಿನಾ ಬೆಳಿಗ್ಗೆ ನಾನೇ ಹಚ್ಚಿ ಕಳಿಸ್ತಿದ್ದೆ."

ತಮ್ಮ ಆ ಅಂಗೈಯನ್ನೇ ನೋಡಿದ. ಒರೆಸಿಟ್ಟ ಬಾಗಿಲನ್ನು ಸವರಿದ್ದು ಅದೇ ಕೈ! "ಕೇಳಿಸ್ತೇನ್ರೋ?" ಎಂದು ಕೆಲಸಗಾರರತ್ತ ತಿರುಗಿ ಕಿರುಚಿದ. "ಜಿಡ್ಡು ಇದ್ದಿದ್ದು ಇವನ ಕೈಯಲ್ಲಿ!"

"ಕಿರುಚಬೇಡ. ನಿಮ್ಮಣ್ಣನಿಗೂ ಗೊತ್ತಾಗಿತ್ತು. ನೀನು ಹೋದ್ಮೇಲೂ ಗುಳಿ ನಿಲ್ಲಲಿಲ್ಲ. ಒಂದಿನ ನನ್ನ ಕೈಯಿಂದ ಕ್ರೀಮ್ ಡಬ್ಬಿ ಕಿತ್ಕೊಂಡು ಬಿಸಾಕಿದ್ರು. ಆಮೇಲೆ ಸಾಯೋವರೆಗೂ ಹಚ್ಚಿಸ್ಕೊಳ್ಳಲಿಲ್ಲ."

"ಮತ್ತೆ ನನ್ನ ಯಾಕೆ ಕರೀಲಿಲ್ಲ?"

"ಕರೆದ್ರೆ ತಪ್ಪು ಯಾರದು ಅಂತ ಎಲ್ಲರೂ ಕೇಳ್ತಿದ್ರಲ್ಲ. ಇವತ್ತಾದ್ರೂ ಹಚ್ಚೋಕೆ ಬಿಡು. ಇನ್ಯಾವ ಬಣ್ಣ ಹಾಳಾಗುತ್ತೆ?"

ಕೆಲಸಗಾರರು ತಲೆ ತಗ್ಗಿಸಿದರು.

ತಮ್ಮ ಜೇಬಿನಿಂದ ಕರವಸ್ತ್ರ ತೆಗೆದ. ಅಣ್ಣನ ಕೈಯನ್ನು ಅತ್ತಿಗೆಯಿಂದ ಕಿತ್ತು ತನ್ನ ತೊಡೆಯ ಮೇಲಿಟ್ಟುಕೊಂಡ. ಮಗ ಓಡಿ ಬಂದು ರಟ್ಟೆ ಹಿಡಿದು ಎಳೆದರೂ ಬಿಡದೆ, ಮಣಿಕಟ್ಟಿನಿಂದ ಬೆರಳ ತುದಿಯವರೆಗೆ, ಹಿಂದೆ ತಗಡು ಒರೆಸುತ್ತಿದ್ದ ಹಾಗೆಯೇ, ಒಂದೇ ದಿಕ್ಕಿಗೆ ಒರೆಸಿದ. ಬಟ್ಟೆ ಮಡಿಸಿ, ಒಣ ಮಗ್ಗುಲಿನಿಂದ ಮತ್ತೆ ಒರೆಸಿದ. ಬಿರುಕುಗಳೆಲ್ಲ ಬೆಳ್ಳಗೆ ಕಾಣುವವರೆಗೂ ಒರೆಸಿದ.