ತೊಳೆದುಹೋದ ಚಂದ್ರನ ಊರುಗಳು

೧೯೮೭ರ ಮಾರ್ಚ್ ೧೧, ಬುಧವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಗ್ರಂಥಾಲಯದ ದುರಸ್ತಿ ಕೋಣೆಯಲ್ಲಿ ಪುಟ್ಟಿ ನೀರಿನ ತಟ್ಟೆಯಿಂದ ಚಂದ್ರನ ನಕ್ಷೆಯನ್ನು ಮೆಲ್ಲಗೆ ಎತ್ತಿ ನೀರು ಹೀರುವ ಒತ್ತುಕಾಗದದ ಮೇಲೆ ಹಾಸಿದಳು. ವಯಸ್ಸು ಮೂವತ್ತೆಂಟಾದರೂ ಸೋದರಮಾವನ ಬಾಯಲ್ಲಿ ಅವಳಿನ್ನೂ ಪುಟ್ಟಿಯೇ. ಈ ಕೋಣೆಯ ಯಜಮಾನರೂ, ಅವಳಿಗೆ ಕೆಲಸ ಕಲಿಸಿದ ಗುರುವೂ ಅವರೇ.

ಆ ನಕ್ಷೆಯಿದ್ದ, ಚಂದ್ರನಲ್ಲಿ ಜನರಿದ್ದಾರೆಂದು ವಾದಿಸುವ ಇಂಗ್ಲಿಷ್ ಪುಸ್ತಕಕ್ಕೆ ಇನ್ನೂರ ಮೂವತ್ತು ವರ್ಷ. ಉಳಿದಿರುವುದು ಇದೊಂದೇ ಪ್ರತಿ, ನಾಳೆ ಪ್ರದರ್ಶನಕ್ಕಿಡಬೇಕು. ನಕ್ಷೆಯ ತುಂಬ ಕಂದು ಚುಕ್ಕೆಗಳಿದ್ದವು, ತೇವಕ್ಕೆ ಬೂಷ್ಟು ಹಿಡಿದಂತೆ. ಅವಳು ನಿಯಮದಂತೆ ಫೋಟೊ ತೆಗೆದು, ಒಂದು ಚುಕ್ಕೆಗೆ ಒದ್ದೆ ಹತ್ತಿ ಮುಟ್ಟಿಸಿ ನೋಡಿದ್ದಳು. ಕರಗಿತ್ತು. ಕಲೆ ಬಿಡುತ್ತದೆಂದು ಹಿಗ್ಗಿದ್ದಳು.

"ಹೇಗಿದ್ದಾನೆ ನಿನ್ನ ಚಂದ್ರ?" ಎನ್ನುತ್ತ ಮಾವ ಒಳಬಂದರು.

"ಸ್ನಾನ ಮಾಡಿಸಿ ಮಲಗಿಸಿದ್ದೀನಿ ಮಾವ. ಮುಖದ ಮೇಲೆ ಒಂದು ಮೊಡವೆ ಇಲ್ಲ ನೋಡಿ!"

ಮಾವ ನಕ್ಕು ಪುಸ್ತಕ ತೆರೆದರು. ಓದುತ್ತ ಕೂತರೆ ಕೈ ನಿಲ್ಲುತ್ತದೆ, ಆದ್ದರಿಂದ ದುರಸ್ತಿ ಮಾಡುವ ಪುಸ್ತಕವನ್ನು ಓದಬಾರದು ಎಂಬುದು ಅವರದೇ ಕಟ್ಟಳೆ. ಆದರೆ ಪ್ರದರ್ಶನದ ಚೀಟಿಗೆ ಎರಡು ಸಾಲು ಬರೆದುಕೊಡಬೇಕಿತ್ತು. ಪುಟ ಮಗುಚುತ್ತ ಗಟ್ಟಿಯಾಗಿ ಕನ್ನಡಿಸಿ ಓದಿದರು: "ಚಂದ್ರನ ಊರುಗಳನ್ನು ಅಚ್ಚಿನಲ್ಲಿ ಮೂಡಿಸಲು ಆಗಲಿಲ್ಲ. ಆದಕಾರಣ ಪ್ರತಿಯೊಂದು ನಕ್ಷೆಯಲ್ಲೂ ನಾನೇ ಕಂದು ಬಣ್ಣದಿಂದ ಚುಕ್ಕೆ..."

ದನಿ ಅಲ್ಲಿಗೇ ನಿಂತಿತು.

ಪುಟ್ಟಿ ತಿರುಗಿ ತಟ್ಟೆಯ ನೀರು ನೋಡಿದಳು. ತಿಳಿಯಾಗಿಯೇ ಇತ್ತು, ಬರೀ ಒಂದು ಎಳೆ ಹಳದಿ.

"ಇಡೀ ಊರುಕೇರಿ ತೊಳೆದುಬಿಟ್ಟೆಯಲ್ಲೇ," ಎಂದರು ಮಾವ, ಉಸಿರೇ ಇಲ್ಲದವರಂತೆ. ಎದ್ದು ಬಾಗಿಲು ಮುಚ್ಚಿ ಬಂದರು. "ಫೋಟೊ ಇದೆ. ಬಣ್ಣ ಇದೆ. ಸಂಜೆಯೊಳಗೆ ಚುಕ್ಕೆ ಇಟ್ಟುಬಿಡು. ಯಾರಿಗೆ ಗೊತ್ತಾಗುತ್ತೆ?"

ನೀರು ನೋಡಿದಾಗಲೂ ಅವಳು ಹೀಗೆ ಬೆಚ್ಚಿರಲಿಲ್ಲ. ಹರಿದ ಅಂಚಿಗೆ ಹೊಸ ಕಾಗದ ಅಂಟಿಸಿದರೂ ಅದು ಹೊಸದೆಂದು ಕಾಣುವಂತೆ ಅಂಟಿಸು ಎಂದು ಕಿವಿ ಹಿಂಡಿ ಹೇಳಿಕೊಟ್ಟವರು ಇವರೇ!

"ಮಾವ, ನೀವಾ ಈ ಮಾತು ಆಡ್ತಿರೋದು?"

"ನಿನ್ನ ಕೆಲಸ ಹೋಗುತ್ತೆ ಕಣೇ!"

"ಹೋಗಲಿ. ನಾನು ಚುಕ್ಕೆ ಇಟ್ಟರೆ ಅದು ನನ್ನ ಊರಾಗುತ್ತೆ, ಪುಸ್ತಕ ಬರೆದವನದಲ್ಲ."

ದುರಸ್ತಿ ವರದಿಯ ಹಾಳೆ ಎಳೆದುಕೊಂಡಳು. ಲೇಖಕನ ಕೈಗುರುತುಗಳನ್ನು ಕಲೆಯೆಂದು ಭಾವಿಸಿ ನಾನು ತೊಳೆದಿದ್ದೇನೆ ಎಂದು ಬರೆದು, ಚುಕ್ಕೆ ಎಣಿಸಲು ಭೂತಗನ್ನಡಿ ಹಿಡಿದು ಫೋಟೊದ ಮೇಲೆ ಬಾಗಿದಳು. ಮಾವ ಮೇಜಿನ ದೀಪವನ್ನು ಅವಳತ್ತ ಸರಿಸಿದರು.

ವರದಿಯ ಕೊನೆಗೆ ಬರೆದಳು: ಅಳಿದ ಚುಕ್ಕೆಗಳು ನಲವತ್ತಮೂರು. ಅತಿ ದೊಡ್ಡದರ ಅಡ್ಡಗಲ ೦.೮ ಮಿಲಿಮೀಟರ್.